ಬರೆಯದ ಮಾರ್ಕರ್, ಅಳಿಸದ ರಜೆ

ಒಣಗಿದ ಮಾರ್ಕರನ್ನು ವಾಪಸ್ ಬೋರ್ಡಿನ ತಟ್ಟೆಯಲ್ಲೇ ಇಡುವವರಿಗೆ ಏನು ಶಿಕ್ಷೆ ಕೊಡಬೇಕು ಅಂತ ಇವತ್ತು ಮೂರನೇ ಪೀರಿಯಡ್ಡಿನಿಂದ ಯೋಚನೆ ಮಾಡುತ್ತಿದ್ದೇನೆ. ಹತ್ತನೇ ಕ್ಲಾಸು, ವಿದ್ಯುತ್ ಪಾಠ. ಬೋರ್ಡಿನ ಮೇಲೆ ಒಂದು ಸರ್ಕ್ಯೂಟ್ ಬರೆಯಬೇಕಿತ್ತು. ತಟ್ಟೆಯಲ್ಲಿ ನಾಲ್ಕು ಮಾರ್ಕರ್ ಸಾಲಾಗಿ ಮಲಗಿದ್ದವು. ನೋಡಿ ಖುಷಿಯಾಯಿತು. ಮೊದಲನೆಯದು ಬ್ಯಾಟರಿ ಬರೆಯುವಷ್ಟರಲ್ಲಿ ಕೈಕೊಟ್ಟಿತು. ಎರಡನೆಯದರಲ್ಲಿ ಅರ್ಧ ತಂತಿ ಬಂತು. ಮೂರನೆಯದು ಕೀಚ್ ಅಂತ ಸದ್ದು ಮಾತ್ರ ಮಾಡಿತು. ನಾಲ್ಕನೆಯದರ ಕ್ಯಾಪು ಹಸಿರು, ಮೂತಿ ಕೆಂಪು, ಬರೆದರೆ ಬಂದದ್ದು ತೆಳ್ಳಗಿನ ಗುಲಾಬಿ. ಬಲ್ಬಿನ ತನಕ ತಂತಿ ತಲುಪಲೇ ಇಲ್ಲ. "ಸರ್, ಸರ್ಕ್ಯೂಟ್ ಓಪನ್ ಇದೆ, ಬಲ್ಬ್ ಹತ್ತಲ್ಲ" ಅಂದ ಹಿಂದಿನ ಬೆಂಚಿನವನು. ಪಾಠ ಅರ್ಥ ಆಗಿದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಮೇಷ್ಟ್ರ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತಿರುವ ಸಂಕಟವೇ. ಬರೆಯುವ ಮಾರ್ಕರ್ ತಟ್ಟೆಯಲ್ಲಿ ಒಂದು ಗಂಟೆಯೂ ನಿಲ್ಲುವುದಿಲ್ಲ, ಯಾರದೋ ಜೇಬು ಸೇರುತ್ತದೆ. ಬರೆಯದ ಮಾರ್ಕರಿಗೆ ಮಾತ್ರ ಸಾವಿಲ್ಲ. ಅದು ಎಂಟನೇ ಕ್ಲಾಸಿನಿಂದ ಒಂಬತ್ತಕ್ಕೆ, ಒಂಬತ್ತರಿಂದ ಹತ್ತಕ್ಕೆ ಪಾಸಾಗುತ್ತಾ ಹೋಗುತ್ತದೆ. ನಮ್ಮಲ್ಲಿ ಕೆಲವು ಮಾರ್ಕರುಗಳು ಎಸ್ಸೆಸ್ಸೆಲ್ಸಿ ಮುಗಿಸಿ ಮತ್ತೆ ಎಂಟಕ್ಕೆ ಬಂದಿವೆ.

ಇದರ ಮೂಲ ಪುರುಷ ನಮ್ಮ ಸಮಾಜ ಮೇಷ್ಟ್ರು. ಹೆಸರು ಬೇಡ, ಒಳ್ಳೆಯ ಮನುಷ್ಯ. ಅವರ ಪದ್ಧತಿಯನ್ನು ನಾನು ಕಿಟಕಿಯಾಚೆ ನಿಂತು ನೋಡಿದ್ದೇನೆ. ಮಾರ್ಕರ್ ಎತ್ತುತ್ತಾರೆ. ಕ್ಯಾಪ್ ತೆಗೆದು ಬೋರ್ಡಿನ ಎಡ ಮೂಲೆಯಲ್ಲಿ ಒಂದು ಗೀಟು ಎಳೆಯುತ್ತಾರೆ. ಬರಲಿಲ್ಲ. ಜೋರಾಗಿ ಅಲ್ಲಾಡಿಸುತ್ತಾರೆ. ಇನ್ನೊಂದು ಗೀಟು. ಬರಲಿಲ್ಲ. ಮೂತಿಗೆ "ಹಾ" ಅಂತ ಬಾಯಿಯ ಬಿಸಿ ಉಸಿರು ಬಿಡುತ್ತಾರೆ. ಅದು ಬಾಲ್‌ಪೆನ್ನಿನ ಕಾಲದ ಅಭ್ಯಾಸ, ಹೋಗಿಲ್ಲ. ಮೂರನೇ ಗೀಟನ್ನು ಎಷ್ಟು ಒತ್ತಿ ಎಳೆಯುತ್ತಾರೆ ಅಂದ್ರೆ ನಿಬ್ಬು ಒಳಗೆ ಹೊಕ್ಕುಬಿಡುತ್ತದೆ. ಆಮೇಲೆ "ಛೆ" ಅಂದು, ಕ್ಯಾಪನ್ನು ಟಕ್ ಅನ್ನುವ ತನಕ ಭದ್ರವಾಗಿ ಹಾಕಿ, ಮಾರ್ಕರನ್ನು ಎರಡೂ ಕೈಯಲ್ಲಿ ಹಿಡಿದು ತಟ್ಟೆಯಲ್ಲಿ ಇಡುತ್ತಾರೆ. ಬರೆಯುವ ಮಾರ್ಕರ್ ಸಿಕ್ಕಿದ ದಿನ ಇದೇ ಮನುಷ್ಯ ಕ್ಯಾಪನ್ನು ಎಲ್ಲೋ ಬಿಟ್ಟು ಪಾಣಿಪತ್ ಯುದ್ಧದಲ್ಲಿ ಮುಳುಗಿರುತ್ತಾರೆ. ಜೀವ ಇರುವಾಗ ಬಾಯಿ ತೆರೆದಿಟ್ಟು, ಜೀವ ಹೋದ ಮೇಲೆ ಮುಚ್ಚುವುದು ಯಾವ ನ್ಯಾಯ?

ಒಮ್ಮೆ ತಡೆಯಲಾಗದೆ ಕೇಳಿಯೇಬಿಟ್ಟೆ. "ಬರೆಯಲ್ಲ ಅಂತ ಗೊತ್ತಾಯ್ತಲ್ಲ, ಬುಟ್ಟಿಗೆ ಹಾಕಬಾರದಾ ಮಾರಾಯ್ರೆ?" ಅವರು ನನ್ನನ್ನು ಕನಿಕರದಿಂದ ನೋಡಿದರು. "ನನಗೆ ಬರೆಯಲಿಲ್ಲ ಅಂದ ಮಾತ್ರಕ್ಕೆ ಯಾರಿಗೂ ಬರೆಯಲ್ಲ ಅಂತ ಹೇಗೆ ಹೇಳೋದು ಮೇಷ್ಟ್ರೇ?" ಈ ಮಾತಿಗೆ ನನ್ನಲ್ಲಿ ಇವತ್ತಿಗೂ ಉತ್ತರ ಇಲ್ಲ.

ಅವರ ಗೀಟುಗಳು ಬೋರ್ಡಿನ ಮೂಲೆಯಲ್ಲಿ ಬಾಳೆಎಲೆ ತುದಿಯ ಉಪ್ಪಿನಕಾಯಿ ಹಾಗೆ ಖಾಯಂ. ಊಟ ಏನೇ ಇರಲಿ, ಅದು ಇರಲೇಬೇಕು.

ಹೊಸ ಮಾರ್ಕರ್ ತರಿಸಿದರೆ ಆಯ್ತಲ್ಲ ಅಂತ ನೀವು ಕೇಳಬಹುದು. ಇಪ್ಪತ್ತು ಮೂವತ್ತು ರೂಪಾಯಿಯ ವಸ್ತು, ಮಹಾ ಏನು? ಆದರೆ ಆಫೀಸಿನಲ್ಲಿ ಅದಕ್ಕೊಂದು ಸ್ಟಾಕ್ ಬುಕ್ ಇದೆ. ಹಳೆಯದು ಒಪ್ಪಿಸದೆ ಹೊಸದು ಸಿಗುವುದಿಲ್ಲ. ಒಪ್ಪಿಸಿದರೂ ಸಿಗುತ್ತದೆ ಅಂತಿಲ್ಲ. ಗುಮಾಸ್ತರು ಹಳೆಯದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಏನು ಕೇಳಿಸುತ್ತದೋ ದೇವರಿಗೇ ಗೊತ್ತು. ಒಳಗಿರುವುದು ಶಾಯಿ ಹೀರಿದ ಪಾಲಿಯೆಸ್ಟರ್ ಎಳೆಯ ಉದ್ದನೆ ಬತ್ತಿ. ತೆಂಗಿನಕಾಯಿಯೇ, ನೀರು ಕುಲುಕಲಿಕ್ಕೆ? ಆದರೂ ಅವರಿಗೆ ಕೇಳಿಸುತ್ತದೆ. "ಇನ್ನೂ ಇದೆಯಲ್ಲ ಸರ್, ಒಂದು ವಾರ ಓಡಿಸಿ" ಅಂತಾರೆ. ಮೂವತ್ತು ರೂಪಾಯಿ ಉಳಿಸುವ ಈ ಕೆಲಸಕ್ಕೆ ನನ್ನದೂ ಅವರದೂ ಸೇರಿ ಕಾಲು ಗಂಟೆ ಸಂಬಳ ಹೋಗುತ್ತದೆ. ಅದಕ್ಕೆ ಸ್ಟಾಕ್ ಬುಕ್ ಇಲ್ಲ.

ಇನ್ನೊಂದು ತಮಾಷೆ ನೋಡಿ. ನಮ್ಮಲ್ಲಿ ಬೋರ್ಡಿಗೆ ಬರ ಇಲ್ಲ. ಹಳೆ ವಿದ್ಯಾರ್ಥಿಗಳು ಒಂದೊಂದು ಬ್ಯಾಚಿನವರಾಗಿ ಬಂದು ಒಂದೊಂದು ಕ್ಲಾಸಿಗೆ ಬಿಳಿ ಬೋರ್ಡ್ ದಾನ ಕೊಟ್ಟಿದ್ದಾರೆ. ಶಾಲು, ಹಾರ, ಫೋಟೋ ಎಲ್ಲ ಆಗಿದೆ. ಬೋರ್ಡಿನ ನೆತ್ತಿಯ ಮೇಲೆ ದಾನಿಗಳ ಹೆಸರು, ಅವರ ತಂದೆ ತಾಯಿಯ ಸ್ಮರಣಾರ್ಥ ಅನ್ನುವ ಸಾಲು, ಬ್ಯಾಚಿನ ವರ್ಷ, ಎಲ್ಲ ನೀಲಿ ಬಣ್ಣದಲ್ಲಿ ದಪ್ಪಗೆ ಬರೆಸಿದ್ದಾರೆ. ಅದು ಮಾತ್ರ ಇವತ್ತಿನ ತನಕ ಮಾಸಿಲ್ಲ. ಆ ಪೇಂಟರ್ ಯಾರು ಅಂತ ಹುಡುಕುತ್ತಿದ್ದೇನೆ. ಬೋರ್ಡ್ ಕೊಟ್ಟವರು ಇದ್ದಾರೆ, ಪ್ರೊಜೆಕ್ಟರ್ ಕೊಡುತ್ತೇವೆ ಅಂದವರು ಇದ್ದಾರೆ, ನೀರಿನ ಫಿಲ್ಟರ್ ಕೊಟ್ಟವರು ಇದ್ದಾರೆ. ಮಾರ್ಕರ್ ಕೊಟ್ಟ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಕೊಡುವುದಾದರೂ ಹೇಗೆ? ಅದರ ಮೇಲೆ ತಂದೆ ತಾಯಿಯ ಸ್ಮರಣಾರ್ಥ ಅಂತ ಬರೆಸಲಿಕ್ಕೆ ಜಾಗ ಸಾಲದು. ಮೇಲಾಗಿ ಹದಿನೈದು ದಿನಕ್ಕೆ ಒಣಗಿಹೋಗುವ ವಸ್ತುವಿನ ಮೇಲೆ ಯಾರು ತಾನೇ ಅಪ್ಪನ ಹೆಸರು ಬರೆಸುತ್ತಾರೆ?

ಒಣಗುವ ವಿಷಯಕ್ಕೆ ಬಂದರೆ ನನಗೆ ಇನ್ನೂ ಸಿಟ್ಟು. ನಮ್ಮದು ತೀರ್ಥಹಳ್ಳಿ ಕಡೆ. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಹೊಯ್ಯುವ ಆಗುಂಬೆ ಇದೇ ತಾಲ್ಲೂಕಿನದ್ದು. ಜುಲೈ ತಿಂಗಳಲ್ಲಿ ಇಲ್ಲಿ ಯಾವ ವಸ್ತುವೂ ಒಣಗುವುದಿಲ್ಲ. ಬಟ್ಟೆ ಒಣಗಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹಾಕಿದ ಯೂನಿಫಾರ್ಮು ಹೊಗೆ ವಾಸನೆ ಹೊತ್ತು ಅರೆಹಸಿಯಾಗಿಯೇ ಶಾಲೆಗೆ ಬರುತ್ತದೆ. ಮಕ್ಕಳ ಶೂ ಒಳಗೆ ಅಣಬೆ ಏಳುವುದೊಂದು ಬಾಕಿ. ಹಪ್ಪಳ ಮೆತ್ತಗೆ, ಬೆಂಕಿಪೊಟ್ಟಣ ಮೆತ್ತಗೆ, ಹಾಜರಿ ಪುಸ್ತಕದ ಹಾಳೆ ಮೆತ್ತಗೆ. ಇಡೀ ಮಲೆನಾಡಿನಲ್ಲಿ ಆ ತಿಂಗಳು ಒಣಗುವ ಏಕೈಕ ವಸ್ತು ವೈಟ್‌ಬೋರ್ಡ್ ಮಾರ್ಕರ್.

ವಿಜ್ಞಾನದ ಮೇಷ್ಟ್ರಾದ್ದರಿಂದ ಕಾರಣ ಹೇಳದೆ ಬಿಡಲಾರೆ. ಈ ಶಾಯಿಯಲ್ಲಿ ನೀರಿಲ್ಲ, ಆಲ್ಕೋಹಾಲ್ ಇದೆ. ಹೊರಗಿನ ಗಾಳಿ ನೀರಿನ ತೇವದಿಂದ ತುಂಬಿದ್ದರೆ ಬಟ್ಟೆಯ ನೀರು ಹೊರಗೆ ಹೋಗಲು ಹಿಂದೆ ಮುಂದೆ ನೋಡುತ್ತದೆ. ಆಲ್ಕೋಹಾಲಿಗೆ ಆ ಚಿಂತೆ ಇಲ್ಲ. ಗಾಳಿಯಲ್ಲಿ ಅದರ ಜಾತಿಯವರು ಯಾರೂ ಇಲ್ಲದ್ದರಿಂದ ಮಳೆ ಎಷ್ಟೇ ಹೊಯ್ಯಲಿ, ಕ್ಯಾಪ್ ತೆಗೆದ ಕೂಡಲೇ ಹೊರಟುಬಿಡುತ್ತದೆ. ಬೋರ್ಡಿನ ಮೇಲೆ ಬರೆದದ್ದು ಚಕ್ಕನೆ ಒಣಗಲಿ ಅಂತಲೇ ಅದನ್ನು ಹಾಕಿರುವುದು. ಅಂದರೆ ಒಣಗುವುದೇ ಅದರ ಕೆಲಸ. ಎಲ್ಲಿ ಒಣಗಬೇಕು ಅನ್ನುವುದು ಮಾತ್ರ ಅದಕ್ಕೆ ಗೊತ್ತಿಲ್ಲ.

ಲ್ಯಾಬು ನನ್ನ ಕೈಯಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಶಾಲೆಯ ಎಲ್ಲ ಕೆಟ್ಟ ಮಾರ್ಕರುಗಳೂ ನನ್ನ ಟೇಬಲ್ಲಿಗೆ ಬರುತ್ತವೆ. ಬೇಡ ಅಂದರೂ ಬರುತ್ತವೆ. ಹಾಗಾಗಿ ರಿಪೇರಿ ಕಲಿತೆ. ಮೂತಿ ಮಾತ್ರ ಒಣಗಿ ಒಳಗೆ ಶಾಯಿ ಇದ್ದರೆ ಕೆಲಸ ಸುಲಭ. ತಲೆಕೆಳಗಾಗಿ ನಿಲ್ಲಿಸಿ ರಾತ್ರಿ ಬಿಟ್ಟರೆ ಶಾಯಿ ಮೂತಿಗೆ ಇಳಿಯುತ್ತದೆ. ಅವಸರ ಇದ್ದರೆ ಬಾಲಕ್ಕೆ ದಾರ ಕಟ್ಟಿ ಗಿರಗಿರ ತಿರುಗಿಸಬೇಕು, ಮೂತಿ ಹೊರಗಡೆ ಇರುವ ಹಾಗೆ. ನಮ್ಮ ಪೀಟಿ ಮೇಷ್ಟ್ರು ಸೀಟಿಯ ದಾರದಲ್ಲೇ ಈ ಪ್ರಯೋಗ ಮಾಡಿದರು. ಕ್ಯಾಪ್ ಹಾಕಲು ಮರೆತಿದ್ದರು. ಕನ್ನಡ ಪಂಡಿತರ ಬಿಳಿ ಅಂಗಿಯ ಮೇಲೆ ಎಡ ಹೆಗಲಿಂದ ಬಲ ಸೊಂಟದ ತನಕ ನೀಲಿ ಚುಕ್ಕಿಗಳ ಜನಿವಾರ ಬಿತ್ತು. ಮಾರ್ಕರ್ ಮಾತ್ರ ಚೆನ್ನಾಗಿ ಬರೆಯಿತು.

ನಿಬ್ಬು ಸವೆದು ಮೊಂಡಾಗಿದ್ದರೆ ಬೇರೆ ದಾರಿ. ಲ್ಯಾಬಿನ ಚಿಮಟದಲ್ಲಿ ಅದನ್ನು ಮೆಲ್ಲಗೆ ಎಳೆಯಬೇಕು. ದಾಸವಾಳದ ಕೇಸರ ಬಿಡಿಸಲು ಇಟ್ಟ ಚಿಮಟ ಅದು, ಈಗ ದಾಸವಾಳ ಕಂಡರೆ ಗುರುತು ಹಿಡಿಯಲಿಕ್ಕಿಲ್ಲ. ಎಳೆದರೆ ಸುಮಾರು ಉದ್ದದ ಕಡ್ಡಿ ಹೊರಬರುತ್ತದೆ. ಹೊರಗೆ ಕಾಣುವುದು ಅದರ ತುದಿ ಮಾತ್ರ. ಎಷ್ಟೋ ಕಂಪನಿಗಳ ಮಾರ್ಕರಿನಲ್ಲಿ ಒಳಗಿನ ತುದಿಯೂ ಅದೇ ಆಕಾರದಲ್ಲಿರುತ್ತದೆ. ತಿರುಗಿಸಿ ಹಾಕಿದರೆ ಹೊಸ ಮೂತಿ, ಅದೂ ಶಾಯಿಯಲ್ಲಿ ನೆಂದ ಮೂತಿ. ಇದನ್ನು ಮೊದಲ ಸಲ ಮಾಡಿದಾಗ ಸ್ಟಾಫ್ ರೂಮಿನಲ್ಲಿ ನನಗೆ ಸಿಕ್ಕಿದ ಗೌರವ ಎಂಎಸ್ಸಿ ಮಾಡಿದಾಗಲೂ ಸಿಕ್ಕಿರಲಿಲ್ಲ.

ಇನ್ನು ಒಳಗೆ ಬಣ್ಣ ಉಳಿದು ಬರೀ ಆಲ್ಕೋಹಾಲ್ ಹಾರಿಹೋಗಿದ್ದರೆ ಹಿಂದಿನ ಬಿರಡೆ ತೆಗೆದು ನಾಲ್ಕಾರು ಹನಿ ಸ್ಪಿರಿಟ್ ಬಿಡುವುದು. ಬಣ್ಣ ಸ್ವಲ್ಪ ತೆಳುವಾಗುತ್ತದೆ, ಆದರೂ ಒಂದೆರಡು ಪೀರಿಯಡ್ ದಾಟುತ್ತದೆ. ಕೊರೋನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಹಾಕಿ ನೋಡಿದ್ದೂ ಉಂಟು. ತೆಳ್ಳಗಿನದಾದರೆ ಪರವಾಗಿಲ್ಲ, ಜೆಲ್ ಹಾಕಿದರೆ ಬತ್ತಿ ಅಂಟು ಅಂಟಾಗಿ ಮಾರ್ಕರ್ ಶಾಶ್ವತವಾಗಿ ಕಣ್ಣು ಮುಚ್ಚುತ್ತದೆ. ಆಗಲೂ ಅದು ತಟ್ಟೆಗೇ ವಾಪಸ್ ಹೋಗುತ್ತದೆ, ಯಾರಿಂದ ಅಂತ ಬೇರೆ ಹೇಳಬೇಕಾ? ಒಟ್ಟಿನಲ್ಲಿ ಒಂದು ತಿಂಗಳಲ್ಲಿ ಲ್ಯಾಬಿನ ಸ್ಪಿರಿಟ್ ಬಾಟಲಿಯನ್ನು ಮಾರ್ಕರುಗಳೇ ಕುಡಿದು ಮುಗಿಸಿದವು. ಉಳಿದದ್ದು ಸ್ಪಿರಿಟ್ ದೀಪದ್ದು. ಅದರ ಮುಚ್ಚಳ ಯಾವುದೋ ಹುಡುಗನ ಜೇಬಿನಲ್ಲಿ ಬುಗುರಿಯಾಗಿ ತಿರುಗುತ್ತಿತ್ತು, ದೀಪ ಖಾಲಿ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ರಿಪೇರಿಯನ್ನೆಲ್ಲ ಸಮಾಜ ಮೇಷ್ಟ್ರು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಒಂದು ದಿನ ಅವರಿಗೂ ಉತ್ಸಾಹ ಬಂತು. ಪೇಟೆಗೆ ಹೋದವರು ತಾವೇ ದುಡ್ಡು ಕೊಟ್ಟು ಒಂದು ಬಾಟಲಿ ಮಾರ್ಕರ್ ಇಂಕು ತಂದರು. ತಮ್ಮ ಕೈಯಾರೆ ಹಿಂದಿನ ಬಿರಡೆ ತೆಗೆದು, ಹನಿ ಹನಿಯಾಗಿ ಬಿಟ್ಟು, ಒರೆಸಿ, ಮುಚ್ಚಿದರು. ಅಂಗಡಿಯಲ್ಲಿ ಈ ಬಾಟಲಿಗಳು ಅಕ್ಕಪಕ್ಕ ಇರುತ್ತವೆ. ಅದೇ ಗಾತ್ರ, ಅದೇ ಮೂತಿ, ಅದೇ ಕಪ್ಪು. ಒಂದರ ಮೇಲೆ ವೈಟ್‌ಬೋರ್ಡ್ ಅಂತ ಇರುತ್ತದೆ, ಇನ್ನೊಂದರ ಮೇಲೆ ಪರ್ಮನೆಂಟ್ ಅಂತ. ಓದಲು ಕನ್ನಡಕ ಬೇಕು. ಮೇಷ್ಟ್ರ ಕನ್ನಡಕ ಮನೆಯಲ್ಲಿತ್ತು.

ಅದೇ ದಿನ ರೆಡ್ ಅಲರ್ಟ್ ಬಂತು. ಮಧ್ಯಾಹ್ನವೇ ಜಿಲ್ಲಾಧಿಕಾರಿಗಳ ಆದೇಶ ವಾಟ್ಸಾಪಿನಲ್ಲಿ ಹರಿದಾಡಿತು. ಕೊನೆಯ ಪೀರಿಯಡ್ಡಿನಲ್ಲಿ ಎಂಟನೇ ಬಿ ವಿಭಾಗದಲ್ಲಿದ್ದ ಸಮಾಜ ಮೇಷ್ಟ್ರು ಹೊಸ ಶಾಯಿಯ ಖುಷಿಯಲ್ಲಿ ಬೋರ್ಡಿನ ಉದ್ದಕ್ಕೂ, ಹಿಂದಿನ ಬೆಂಚಿನವರಿಗೂ ಕಾಣುವ ಹಾಗೆ, ಮುತ್ತಿನಂಥ ಅಕ್ಷರದಲ್ಲಿ ಬರೆದರು: "ಭಾರಿ ಮಳೆಯ ಪ್ರಯುಕ್ತ ನಾಳೆ ಶಾಲೆಗೆ ರಜೆ." ರಜೆಯ ಕೆಳಗೆ ಎರಡು ಗೀಟು ಬೇರೆ. ಮಕ್ಕಳು ಚಪ್ಪಾಳೆ ತಟ್ಟಿದರು. ಇಷ್ಟು ಕಪ್ಪಗೆ, ಇಷ್ಟು ದಪ್ಪಗೆ ಆ ಬೋರ್ಡಿನ ಮೇಲೆ ಯಾರೂ ಯಾವತ್ತೂ ಬರೆದಿರಲಿಲ್ಲ.

ರಜೆ ಮುಗಿಸಿ ಬಂದ ಮೇಲೆ ಡಸ್ಟರ್ ಹಾಕಿದರೆ ಹೋಗಲಿಲ್ಲ.

ವೈಟ್‌ಬೋರ್ಡ್ ಶಾಯಿಯಲ್ಲಿ ಎಣ್ಣೆಯಂಥ ಒಂದು ಪದಾರ್ಥ ಇರುತ್ತದೆ. ಅದು ಬಣ್ಣವನ್ನು ಬೋರ್ಡಿಗೆ ಹತ್ತಗೊಡದೆ ಮೇಲೆಯೇ ತೇಲಿಸಿ ಇಡುತ್ತದೆ, ಅದಕ್ಕೇ ಒಣ ಬಟ್ಟೆಯಲ್ಲೂ ಹೋಗುವುದು. ಪರ್ಮನೆಂಟ್ ಶಾಯಿಯಲ್ಲಿ ಅದರ ಬದಲು ಹಿಡಿದುಕೊಳ್ಳುವ ಅಂಟು ಇರುತ್ತದೆ. ಇದನ್ನು ನಾನು ವಿವರಿಸುತ್ತಿದ್ದಾಗ ಅಟೆಂಡರ್ ನೀರು ಹಾಕಿ ಉಜ್ಜಿದ. ಹೋಗಲಿಲ್ಲ. ಕನ್ನಡ ಪಂಡಿತರು ಕೊಬ್ಬರಿ ಎಣ್ಣೆ ಹಚ್ಚಲು ಹೇಳಿದರು. ಬೋರ್ಡು ಮಿರಮಿರ ಮಿಂಚಿತು, ರಜೆ ಇನ್ನೂ ಚೆನ್ನಾಗಿ ಕಂಡಿತು. ಅಟೆಂಡರ್ ಪಾತ್ರೆ ತಿಕ್ಕುವ ಸ್ಟೀಲ್ ನಾರು ತಂದ. ನಾನು ಓಡಿಹೋಗಿ ಕೈ ಹಿಡಿದೆ. ಒಮ್ಮೆ ಗೀರು ಬಿದ್ದರೆ ಆ ಬೋರ್ಡಿನ ಮೇಲೆ ಆಮೇಲೆ ಬರೆದದ್ದೆಲ್ಲ ಗೀರಿನೊಳಗೆ ಕೂತು ಪರ್ಮನೆಂಟೇ ಆಗುತ್ತದೆ.

ಸಮಾಜ ಮೇಷ್ಟ್ರು ಒಂದು ಕ್ಷಣವೂ ವಿಚಲಿತರಾಗಲಿಲ್ಲ. ಅಳಿಸದ ಶಾಯಿಯ ವಿಷಯದಲ್ಲಿ ಅವರಿಗೆ ಸರ್ಕಾರಿ ಅನುಭವ ಇದೆ. ಪ್ರತಿ ಚುನಾವಣೆಯಲ್ಲೂ ಅವರಿಗೆ ಎರಡನೇ ಪೋಲಿಂಗ್ ಆಫೀಸರ್ ಕೆಲಸವೇ ಬೀಳುತ್ತದೆ. ಜನರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚುವ ಕೆಲಸ. "1962ರಿಂದ ದೇಶಕ್ಕೆಲ್ಲ ಆ ಶಾಯಿ ಹೋಗೋದು ನಮ್ಮ ಮೈಸೂರಿನಿಂದ, ಗೊತ್ತಾ? ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ. ಸಿಲ್ವರ್ ನೈಟ್ರೇಟ್ ಸ್ವಾಮಿ! ಚರ್ಮಕ್ಕೆ ಹತ್ತಿ ಬಿಸಿಲು ಕಂಡರೆ ಕಪ್ಪಾಯಿತು. ಏನು ತಿಕ್ಕಿದರೂ ಹೋಗಲ್ಲ, ಚರ್ಮವೇ ಸವೆದು ಹೊಸದು ಬರಬೇಕು" ಅಂತ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಪಾಠ ಮಾಡಿದರು. ಎಲ್ಲ ಸರಿ. ಆದರೆ ಬೋರ್ಡಿಗೆ ಹೊಸ ಚರ್ಮ ಬರುವುದಿಲ್ಲವಲ್ಲ ಮೇಷ್ಟ್ರೇ ಅಂದೆ. "ಹೌದಲ್ವಾ" ಅಂದು ಚಹಾ ಕುಡಿದರು.

ಅಲ್ಲಿಂದ ಎಂಟನೇ ಬಿ ವಿಭಾಗದಲ್ಲಿ ದಿನಾ ಬೆಳಗ್ಗೆ ನಾಳೆ ರಜೆ. ತೊಂಬತ್ತರ ದಶಕದಲ್ಲಿ ನಮ್ಮೂರ ಬಾಗಿಲುಗಳ ಮೇಲೆಲ್ಲ "ನಾಳೆ ಬಾ" ಅಂತ ಬರೆದಿದ್ದು ನಿಮಗೆ ನೆನಪಿರಬಹುದು. ರಾತ್ರಿ ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ಸರಿ ಅಂತ ವಾಪಸ್ ಹೋಗುತ್ತಿತ್ತು, ಮರುದಿನ ಬಂದು ಮತ್ತೆ ಓದಿ ಮತ್ತೆ ಹೋಗುತ್ತಿತ್ತು. ಆ ದೆವ್ವದ ಸಂಕಟ ಏನಂತ ಈಗ ಎಂಟನೇ ಬಿ ಮಕ್ಕಳನ್ನು ಕೇಳಬೇಕು. ಗಣಿತ, ಹಿಂದಿ, ಜೀವಕೋಶದ ಚಿತ್ರ, ಎಲ್ಲವನ್ನೂ ಆ ಸಾಲಿನ ಕೆಳಗಿನ ಜಾಗದಲ್ಲೇ ಬರೆದೆವು. ಒಬ್ಬ ಹುಡುಗ ನೋಟ್ಸಿನಲ್ಲಿ ಪ್ರತಿ ಪಾಠದ ಮೇಲೂ ಅದನ್ನು ತಲೆಬರಹ ಅಂತ ತಿಳಿದು ನಕಲು ಮಾಡಿಕೊಂಡಿದ್ದ. "ಭಾರಿ ಮಳೆಯ ಪ್ರಯುಕ್ತ ನಾಳೆ ಶಾಲೆಗೆ ರಜೆ. ಸಸ್ಯ ಜೀವಕೋಶದ ಭಾಗಗಳು." ತಿದ್ದುವಾಗ ಸಹಿ ಹಾಕಬೇಕೋ ಬೇಡವೋ ಗೊತ್ತಾಗಲಿಲ್ಲ.

ಇದರ ನಡುವೆ ಇಲಾಖೆಯಿಂದ ಸಾಹೇಬರೊಬ್ಬರು ದಿಢೀರ್ ತಪಾಸಣೆಗೆ ಬಂದರು. ಬೇರೆ ಕ್ಲಾಸ್ ಎಲ್ಲ ಬಿಟ್ಟು ನೇರ ಎಂಟನೇ ಬಿ ಒಳಗೆ ಹೋದರು. ಬೋರ್ಡ್ ಓದಿದರು. ಕಿಟಕಿಯ ಹೊರಗೆ ನೋಡಿದರು. ಅವತ್ತು ಹೆಸರಿಗೊಂದು ಹನಿ ಇಲ್ಲ, ಚಳಿಗಾಲದ ಬಿಸಿಲಿನಂಥ ಬಿಸಿಲು ಬಿದ್ದಿತ್ತು. "ನಾಳೆ ರಜೆ ಕೊಟ್ಟವರು ಯಾರು?" ಅಂತ ಕೇಳಿದರು. "ಸಮಾಜ ಮೇಷ್ಟ್ರು ಸರ್" ಅಂತ ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳಿತು. ಹೆಡ್‌ಮಾಸ್ಟರು ಅದು ಹಳೆಯದು ಸರ್ ಅಂದರು. ಹಳೆಯದಾದರೆ ಅಳಿಸಿ ಅಂದರು ಸಾಹೇಬರು. ಹೆಡ್‌ಮಾಸ್ಟರು ಡಸ್ಟರ್ ಎತ್ತಿಕೊಂಡು ಬೆವರು ಸುರಿಸಿ ಉಜ್ಜುತ್ತಲೇ ಇದ್ದರು. ಸಾಹೇಬರು ಸ್ವಲ್ಪ ಹೊತ್ತು ನೋಡಿ, ಒಂದೂ ಮಾತಾಡದೆ, ತಪಾಸಣಾ ಪುಸ್ತಕದಲ್ಲಿ "ಕಪ್ಪುಹಲಗೆಯ ಬಳಕೆ ತೃಪ್ತಿಕರ" ಅಂತ ಬರೆದು ಹೋದರು. ಹಲಗೆ ಬಿಳಿ ಇದ್ದರೂ ನಮೂನೆಯಲ್ಲಿ ಇರುವುದು ಅದೇ ತಾನೇ.

ಆಮೇಲೊಂದು ದಿನ ನಿಜವಾಗಲೂ ರಜೆ ಕೊಟ್ಟರು. ಎಲ್ಲ ಮನೆಗೂ ಮೆಸೇಜು ಹೋಗಿತ್ತು. ನನ್ನ ಮನೆ ಶಾಲೆಯ ಪಕ್ಕವೇ. ಬೆಳಗ್ಗೆ ಜಗಲಿಯಲ್ಲಿ ನಿಂತು ನೋಡಿದರೆ ಧೋ ಅನ್ನುವ ಮಳೆಯಲ್ಲಿ ಕೆಲವು ಕೊಡೆಗಳು ಗೇಟಿನ ಮುಂದೆ ನಿಂತಿವೆ. ಹೋಗಿ ನೋಡಿದರೆ ಎಲ್ಲ ಎಂಟನೇ ಬಿ. "ರಜೆ ಅಂತ ಗೊತ್ತಾಗಲಿಲ್ವಾ?" ಅಂದೆ. "ಗೊತ್ತಾಯ್ತು ಸರ್. ನಮ್ಗೆ ದಿನಾ ಹಾಗೇ ಹೇಳ್ತಾರಲ್ಲ, ಅದಕ್ಕೇ ಬಂದ್ವಿ" ಅಂದಳು ಒಬ್ಬಳು, ಜಡೆಯ ನೀರು ಹಿಂಡುತ್ತಾ.

ಇಂಥ ಹೊತ್ತಿನಲ್ಲಿ ಕರಿಹಲಗೆಯ ನೆನಪಾಗುವುದು ಸಹಜ. ನಾವು ಓದುವಾಗ ಶನಿವಾರ ಶಾಲೆ ಬಿಡುವ ಮುಂಚೆ ಹಲಗೆಗೆ ಮಸಿ ಹಚ್ಚುವ ಕೆಲಸ ಇತ್ತು. ಮನೆಯಿಂದ ಇದ್ದಿಲು ತರುವುದು ಒಬ್ಬನ ಪಾಳಿ, ಬೇಲಿಯಿಂದ ತೊಂಡೆ ಎಲೆ ಕಿತ್ತು ತರುವುದು ಇನ್ನೊಬ್ಬನದು. ಎರಡನ್ನೂ ಕಲ್ಲಿನ ಮೇಲೆ ಅರೆದು ಬಟ್ಟೆಯಲ್ಲಿ ಉಜ್ಜುತ್ತಿದ್ದೆವು. ಹಸಿರು ವಾಸನೆ ಕೈಗೆ ಹತ್ತಿ ಭಾನುವಾರ ಊಟದ ತನಕ ಉಳಿಯುತ್ತಿತ್ತು. ಸೋಮವಾರ ಆ ಹಲಗೆಯ ಮೇಲೆ ಮೇಷ್ಟ್ರು ತಾರೀಖು ಬರೆದರೆ ಸುಣ್ಣದ ಕಡ್ಡಿ ಸರ್ರನೆ ಜಾರುವ ಸದ್ದು ಚಂದ. ಸುಣ್ಣದ ಕಡ್ಡಿಗೆ ಕಪಟ ಇರಲಿಲ್ಲ. ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಾಣುತ್ತಿತ್ತು. ಬಿದ್ದು ಮುರಿದರೆ ಎರಡು ಆಗುತ್ತಿತ್ತು. ಉಗುರಿನಷ್ಟು ಉಳಿದರೂ ಬರೆಯುತ್ತಿತ್ತು, ಅದಕ್ಕಿಂತ ಸಣ್ಣದಾದರೆ ನಿದ್ದೆ ಮಾಡುವವನ ತಲೆಗೆ ಗುರಿ ಇಟ್ಟು ಹೊಡೆಯಲು ಆಗುತ್ತಿತ್ತು. ಕ್ಯಾಪ್ ಇರಲಿಲ್ಲ, ಆದ್ದರಿಂದ ಕ್ಯಾಪ್ ಕಳೆಯುತ್ತಲೂ ಇರಲಿಲ್ಲ. ಹಾಗಂತ ಅದನ್ನು ತೀರಾ ಹೊಗಳಲಾರೆ. ಮೊದಲ ಹತ್ತು ವರ್ಷದ ನನ್ನ ಸರ್ವಿಸಿನ ಅರ್ಧ ಸೀನುವುದರಲ್ಲೇ ಹೋಗಿದೆ. ನಮ್ಮ ಮೇಷ್ಟ್ರ ಕೂದಲು ಸಂಜೆ ಹೊತ್ತಿಗೆ ಬೆಳ್ಳಗಾಗುವುದನ್ನು ನೋಡಿ ವಯಸ್ಸಾದವರು ಅಂತ ನಾವು ತಿಳಿದಿದ್ದೆವು. ಈಗ ಲೆಕ್ಕ ಹಾಕಿದರೆ ಅವರಿಗೆ ಆಗ ಮೂವತ್ತೂ ಆಗಿರಲಿಲ್ಲ.

ಇರಲಿ. ರಜೆಯನ್ನು ಅಳಿಸಲು ಒಂದು ದಾರಿ ಇತ್ತು. ಸ್ಪಿರಿಟ್ ಇದ್ದಿದ್ದರೆ ಎರಡು ನಿಮಿಷದ ಕೆಲಸ, ಅದು ಎಲ್ಲಿ ಹೋಯಿತು ಅಂತ ಆಗಲೇ ಹೇಳಿದ್ದೇನೆ. ಹೊಸ ಬಾಟಲಿಗೆ ಇಂಡೆಂಟ್ ಹಾಕಿದ್ದೇನೆ, ಅದು ಸಹಿಗೆ ಹೋಗಿದೆ. ಇನ್ನೊಂದು ಉಪಾಯ, ಪರ್ಮನೆಂಟ್ ಅಕ್ಷರದ ಮೇಲೆ ವೈಟ್‌ಬೋರ್ಡ್ ಮಾರ್ಕರಿನಲ್ಲಿ ಹಾಗೇ ತಿದ್ದಿ, ಒಣಗುವ ಮೊದಲೇ ಒರೆಸುವುದು. ಮೇಲಿನ ಶಾಯಿಯ ಆಲ್ಕೋಹಾಲ್ ಕೆಳಗಿನ ಅಂಟನ್ನು ಕರಗಿಸುತ್ತದೆ, ಎಣ್ಣೆ ಪದಾರ್ಥ ಮತ್ತೆ ಹತ್ತದ ಹಾಗೆ ನೋಡಿಕೊಳ್ಳುತ್ತದೆ, ಎರಡೂ ಒಟ್ಟಿಗೆ ಬರುತ್ತವೆ. ಅದ್ಭುತ ಉಪಾಯ. ಅದಕ್ಕೆ ಬೇಕಾಗಿರುವುದು ಚೆನ್ನಾಗಿ ಒದ್ದೆಯಾಗಿ ಬರೆಯುವ ಒಂದೇ ಒಂದು ಮಾರ್ಕರ್. ಅಂದರೆ ನಮ್ಮ ಶಾಲೆಯಲ್ಲಿ ಇಲ್ಲದ್ದು.

ಇಲ್ಲದ್ದು ಅಂದರೆ ಪೂರ್ತಿ ಸುಳ್ಳಾಗುತ್ತದೆ. ಗಣಿತದ ಮೇಡಂ ಹತ್ತಿರ ಒಂದಿದೆ. ಸ್ವಂತ ದುಡ್ಡಿನದು. ಅದರ ಮೇಲೆ ಹೆಸರಿನ ಸ್ಟಿಕ್ಕರ್ ಇದೆ. ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ, ಮೊಬೈಲಿಗಿಂತ ಭದ್ರವಾಗಿ ಇರುತ್ತದೆ. ಕ್ಲಾಸಿಗೆ ಹೋಗುವಾಗ ಅದರ ಜೊತೆ ಹೋಗುತ್ತಾರೆ, ಬರುವಾಗ ಅದರ ಜೊತೆಗೇ ಬರುತ್ತಾರೆ. ಸಾಲ ಕೇಳಿದವರಿಗೆಲ್ಲ "ಈಗ ತಾನೆ ಖಾಲಿ ಆಯ್ತು" ಅನ್ನುವ ಉತ್ತರ ಸಿದ್ಧ. ಹೆಡ್‌ಮಾಸ್ಟರು, ನಾನು, ಕನ್ನಡ ಪಂಡಿತರು ಮೂವರೂ ನಿಯೋಗ ಹೋದೆವು. ಮೇಡಂ ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ ಒಂದು ಷರತ್ತು. ಬೇರೆ ಯಾರೂ ಮುಟ್ಟಕೂಡದು, ತಾವೇ ತಿದ್ದುತ್ತೇನೆ.

ಎಡಗಡೆಯಿಂದ ಶುರು ಮಾಡಿದರು. ಕಾಪಿ ಬರೆಯುವ ಶ್ರದ್ಧೆಯಲ್ಲಿ ಒಂದೊಂದು ಅಕ್ಷರದ ಮೇಲೂ ನಿಧಾನಕ್ಕೆ ತಿದ್ದಿದರು, ಅಟೆಂಡರ್ ಹಿಂದೆಯೇ ಒರೆಸುತ್ತಾ ಬಂದ. "ಭಾರಿ" ಹೋಯಿತು. ಮಕ್ಕಳು ಓ ಅಂದರು. "ಮಳೆಯ" ಹೋಯಿತು. "ಪ್ರಯುಕ್ತ"ದ ಒತ್ತಕ್ಷರಗಳಿಗೆ ತುಂಬಾ ಶಾಯಿ ಹಿಡಿಯಿತು. ಅದನ್ನು ಹಾಕದೆ ಬರೀ ಮಳೆಗೆ ರಜೆ ಅಂತ ಬರೆಯಬಾರದಿತ್ತಾ ಅಂತ ಮೇಡಂ ಸಮಾಜ ಮೇಷ್ಟ್ರ ಕಡೆ ಒಂದು ನೋಟ ಬಿಟ್ಟರು. "ನಾಳೆ" ಹೋಯಿತು. "ಶಾಲೆಗೆ" ಹೋಗುವಷ್ಟರಲ್ಲಿ ಬಣ್ಣ ತೆಳ್ಳಗಾಗತೊಡಗಿತು. "ರ" ಮೇಲೆ ಮೂತಿ ಇಟ್ಟರು. ಕೀಚ್.

ಅಲ್ಲಾಡಿಸಿದರು. ಕೀಚ್. ಸಮಾಜ ಮೇಷ್ಟ್ರು ಮುಂದೆ ಬಂದು "ಕೊಡಿ ಇಲ್ಲಿ" ಅಂತ ಈಸಿಕೊಂಡು ಮೂತಿಗೆ ಬಿಸಿ ಉಸಿರು ಬಿಟ್ಟರು. ಮೇಡಂ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಈಗ ಎಂಟನೇ ಬಿ ಬೋರ್ಡಿನ ಮೇಲೆ ಉಳಿದಿರುವುದು ಒಂದೇ ಮಾತು, "ರಜೆ", ಕೆಳಗೆ ಎರಡು ಗೀಟು. ಮಳೆಯ ನೆಪವೂ ಇಲ್ಲ, ನಾಳೆ ಅನ್ನುವ ಮಿತಿಯೂ ಇಲ್ಲ. ಮೇಡಂ ತಮ್ಮ ಮಾರ್ಕರನ್ನು ಆಫೀಸಿಗೆ ಒಯ್ದು, ಶಾಲೆಯ ಕೆಲಸಕ್ಕೆ ಖಾಲಿಯಾಗಿದೆ, ಬದಲಿ ಕೊಡಿ ಅಂತ ಕೇಳಿದರು. ಗುಮಾಸ್ತರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರಂತೆ. ಆಮೇಲೆ ಏನಾಯಿತು ಅಂತ ಇಬ್ಬರೂ ಹೇಳುತ್ತಿಲ್ಲ.

ಇವತ್ತು ಕೊನೆಯ ಪೀರಿಯಡ್ಡಿಗೆ ಎಂಟನೇ ಬಿಗೆ ಹೋದೆ. "ರಜೆ" ಮುಂದೆ ಯಾರೋ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ "ಯಾವಾಗ?" ಅಂತ ಸೇರಿಸಿದ್ದಾರೆ. ಸ್ಪಷ್ಟವಾಗಿದೆ, ಒಂದೂ ಗೀಟು ತುಂಡಾಗಿಲ್ಲ. ನೀರಿನ ಶಾಯಿ ನೋಡಿ, ನಮ್ಮ ಮಳೆಗೆ ಒಣಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ ಬೇರೆ. ಇದು ಯಾರ ಪೆನ್ನು ಅಂತ ಗಟ್ಟಿಯಾಗಿ ಕೇಳಿದೆ. ಇಡೀ ಕ್ಲಾಸು ತಲೆ ತಗ್ಗಿಸಿತು, ಯಾರೂ ಒಪ್ಪಿಕೊಳ್ಳಲಿಲ್ಲ. ಬೈಯುತ್ತೇನೆ ಅಂದುಕೊಂಡವು ಪಾಪ. ನಾಳೆ ಹತ್ತನೇ ಕ್ಲಾಸಿನಲ್ಲಿ ಆ ಬಲ್ಬು ಬರೆದು ಮುಗಿಸಬೇಕಿತ್ತು, ಒಂದು ಪೀರಿಯಡ್ಡಿಗೆ ಸಾಲ ಕೇಳೋಣ ಅಂತಿದ್ದೆ ಅಷ್ಟೇ.